ಮುಜಾಕಾ ಮನೆತನದ ವಂಶಾವಳಿ ಜೋಡಿಸಿದ್ದು ಹೇಗೆ: ನನ್ನ ಅನುಭವ

ಅಲ್ಬೇನಿಯಾದ ಚರಿತ್ರೆ ಅಂದ ಕೂಡಲೇ ಎಲ್ಲರೂ ಹೇಳುವ ಹೆಸರು ಸ್ಕಂದರ್‌ಬೆಗ್. 1443ರಲ್ಲಿ ಒಟ್ಟೋಮನ್ ತುರ್ಕರ ಸೇನೆ ಬಿಟ್ಟು ಬಂದು ಕ್ರುಯಾ ಕೋಟೆ ಹಿಡಿದವನು, 1468ರಲ್ಲಿ ಸಾಯುವ ತನಕ ಆ ಕೋಟೆಯನ್ನು ಬಿಟ್ಟುಕೊಡದವನು. ನಾನೂ ಅವನಿಂದಲೇ ಓದಲು ಶುರು ಮಾಡಿದೆ. ಆದರೆ ಓದುತ್ತಾ ಹೋದ ಹಾಗೆ ಅವನ ಮನೆತನಕ್ಕಿಂತ ಮೊದಲೇ ದೊಡ್ಡದಾಗಿ ಬೆಳೆದಿದ್ದ ಇನ್ನೊಂದು ಮನೆತನ ನನ್ನನ್ನು ಹಿಡಿದುಕೊಂಡಿತು. ಅದು ಮುಜಾಕಾ ಮನೆತನ. ಓಸುಮ್ ನದಿಯ ಮೇಲಿನ ಬೆರಾತ್ ಕೋಟೆ ಅವರದು. ಬೆರಾತ್‌ನಿಂದ ಪಶ್ಚಿಮಕ್ಕೆ ಸಮುದ್ರದ ಕಡೆ ಹರಡಿರುವ ಬಯಲಿಗೆ ಇವತ್ತಿಗೂ ಅವರ ಹೆಸರೇ ಇದೆ: ಮುಜೆಕ್ಯೆ.

ಇವರ ವಂಶಾವಳಿ ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ. ಆದರೆ ಒಂದೊಂದು ಕಡೆ ಒಂದೊಂದು ಥರ. ಒಬ್ಬರ ಪಟ್ಟಿಯಲ್ಲಿ ಎರಡನೇ ಆಂಡ್ರೆಯಾ ಆದವನು ಇನ್ನೊಬ್ಬರ ಪಟ್ಟಿಯಲ್ಲಿ ಮೂರನೆಯವನು. ಒಂದು ಕಡೆ ಮಗಳು ಅಂತ ಇದ್ದವಳು ಇನ್ನೊಂದು ಕಡೆ ಬೇರೆ ಮನೆಯವಳು. ಹಾಗಾಗಿ ಮೂಲ ದಾಖಲೆಗಳಿಂದಲೇ ಮತ್ತೆ ಜೋಡಿಸೋಣ ಅಂತ ಕೂತೆ. ಹೇಗೆ ಮಾಡಿದೆ, ಯಾವುದನ್ನು ಎಷ್ಟು ನಂಬಿದೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಇಂಥ ಕೆಲಸದಲ್ಲಿ ಆಸಕ್ತಿ ಇರುವವರಿಗೆ ಉಪಯೋಗ ಆಗಬಹುದು.

ಮೊದಲು ಸ್ವಲ್ಪ ಹಿನ್ನೆಲೆ. 1272ರಲ್ಲಿ ನೇಪಲ್ಸಿನ ದೊರೆ ಆಂಜೂ ಮನೆತನದ ಚಾರ್ಲ್ಸ್, ದುರ್ರೆಸ್ ಬಂದರನ್ನು ಕೇಂದ್ರ ಮಾಡಿಕೊಂಡು ತಾನೇ ಅಲ್ಬೇನಿಯಾದ ರಾಜ ಅಂತ ಘೋಷಿಸಿಕೊಂಡ. ಪೂರ್ವದಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದ ಆಳುವ ಬೈಜಾಂಟೈನ್ ಚಕ್ರವರ್ತಿ, ಉತ್ತರದಲ್ಲಿ ಸರ್ಬಿಯಾದ ದೊರೆಗಳು, ಸಮುದ್ರದಲ್ಲಿ ವೆನಿಸ್. ಮಧ್ಯದಲ್ಲಿ ಮುಜಾಕಾ, ತೋಪಿಯಾ, ಬಾಲ್ಶಾ, ಅರಿಯಾನಿತಿ, ದುಕಾಗ್ಯಿನಿ, ಕಸ್ತ್ರಿಯೋತಿ ಅನ್ನುವ ಮನೆತನಗಳು. ಇವರು ಕಾಲಕ್ಕೆ ತಕ್ಕ ಹಾಗೆ ಒಬ್ಬೊಬ್ಬರ ಕಡೆ ಸೇರುತ್ತಾ ತಮ್ಮ ಊರು, ಕೋಟೆ ಉಳಿಸಿಕೊಳ್ಳುತ್ತಿದ್ದರು.

ಮುಜಾಕಾ ಮನೆತನದ ಬಗ್ಗೆ ಕೆಲಸ ಮಾಡುವವರಿಗೆ ಒಂದು ದೊಡ್ಡ ಅದೃಷ್ಟ ಇದೆ. ಆ ಮನೆಯವನೇ ಒಬ್ಬ ತನ್ನ ವಂಶದ ಕಥೆ ಬರೆದಿಟ್ಟಿದ್ದಾನೆ. ಅವನ ಹೆಸರು ಗ್ಯೋನ್ ಮುಜಾಕಾ. ದೇಶ ಒಟ್ಟೋಮನ್ನರ ಕೈಗೆ ಹೋದ ಮೇಲೆ ಇಟಲಿಗೆ ಬಂದು ನೇಪಲ್ಸ್ ರಾಜ್ಯದಲ್ಲಿ ನೆಲೆಸಿದವನು. 1510ರಲ್ಲಿ ತನ್ನ ಗಂಡುಮಕ್ಕಳಿಗಾಗಿ ಇಟಾಲಿಯನ್ನಿನಲ್ಲಿ ಇದನ್ನು ಬರೆದ. ಜರ್ಮನ್ ಇತಿಹಾಸಕಾರ ಕಾರ್ಲ್ ಹೋಪ್ಫ್ 1873ರಲ್ಲಿ ಇದನ್ನು ಅಚ್ಚು ಮಾಡಿಸಿದ. ಆ ಸಂಪುಟದ ಸ್ಕ್ಯಾನ್ ಪ್ರತಿ ಈಗ ಸುಲಭವಾಗಿ ಸಿಗುತ್ತದೆ. ಕೈಯಲ್ಲಿ ಒಂದು ಗೇಣು ನೆಲ ಇಲ್ಲದಿದ್ದರೂ ಗ್ಯೋನ್ ತನ್ನನ್ನು ಎಪೈರಸ್‌ನ ಡೆಸ್ಪಟ್ ಅಂತಲೇ ಕರೆದುಕೊಳ್ಳುತ್ತಾನೆ. ಡೆಸ್ಪಟ್ ಅಂದರೆ ಬೈಜಾಂಟೈನ್ ಕಾಲದ ಬಹಳ ದೊಡ್ಡ ಪದವಿ. ಎಪೈರಸ್ ಅಂದರೆ ಈಗಿನ ಅಲ್ಬೇನಿಯಾದ ದಕ್ಷಿಣ ಮತ್ತು ಗ್ರೀಸ್‌ನ ವಾಯವ್ಯದ ಸೀಮೆ.

ಆ ಬರಹವನ್ನು ಕೈಗೆತ್ತಿಕೊಂಡಾಗ ನಾನು ಕೇಳಿಕೊಂಡ ಮೊದಲ ಪ್ರಶ್ನೆ: ಇವನು ಯಾಕೆ ಬರೆದ? ಉತ್ತರ ಅವನೇ ಕೊಡುತ್ತಾನೆ. ಮುಂದೊಂದು ದಿನ ತುರ್ಕರನ್ನು ಓಡಿಸಿದರೆ, ಯಾವ ಊರು ನಮ್ಮದು, ಯಾವುದು ಅಜ್ಜನ ಕಾಲದ್ದು, ಯಾವುದು ಮದುವೆಯಲ್ಲಿ ಬಂದದ್ದು ಅಂತ ಮಕ್ಕಳಿಗೆ ಗೊತ್ತಿರಬೇಕು. ಮನೆಯ ಹಿರಿಯರು ಜಮೀನಿನ ಚೆಕ್ಕುಬಂದಿ ಹೇಳಿಕೊಟ್ಟ ಹಾಗೆ ಅವನು ಊರಿಂದೂರಿಗೆ ಹೋಗುತ್ತಾನೆ. ಮುಜೆಕ್ಯೆ ಬಯಲು, ತೊಮೊರಿತ್ಸಾ, ಓಪಾರ್, ದೆವೋಲ್, ಕಸ್ತೋರಿಯಾ. ಹಾಗಾಗಿ ನಾನು ಇದನ್ನು ಇತಿಹಾಸ ಅಂತ ಓದುವ ಮೊದಲು ಆಸ್ತಿಯ ಪತ್ರ ಅಂತ ಓದಿದೆ. ಬರೆದವನ ಉದ್ದೇಶ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಆಮೇಲೆ ಒಂದು ದೊಡ್ಡ ಸ್ಪ್ರೆಡ್‌ಶೀಟ್ ಮಾಡಿದೆ. ಗ್ಯೋನ್‌ನ ಒಂದೊಂದು ಹೇಳಿಕೆಗೂ ಒಂದೊಂದು ಸಾಲು. ಪಕ್ಕದಲ್ಲಿ ಗುರುತು: ಇದು ಅವನೇ ಕಂಡದ್ದೋ, ಹಿರಿಯರಿಂದ ಕೇಳಿದ್ದೋ, ಹಕ್ಕು ಸಾಧಿಸಲು ಹೇಳಿದ್ದೋ. ಅದರ ಮುಂದೆ, ಆ ವಿಷಯ ನಡೆದ ಕಾಲಕ್ಕೂ ಅವನು ಬರೆದ ಕಾಲಕ್ಕೂ ಎಷ್ಟು ವರ್ಷದ ದೂರ ಅನ್ನುವ ಲೆಕ್ಕ. ಕೊನೆಗೆ ಬೇರೆ ಯಾವ ದಾಖಲೆ ಅದಕ್ಕೆ ಸಾಕ್ಷಿ ಅನ್ನುವ ಜಾಗ. ಆ ಕೊನೆಯ ಜಾಗ ತುಂಬಿಸುವುದೇ ಮುಖ್ಯ ಕೆಲಸ.

ಮನೆತನದ ಹೆಸರು ಹಳೆಯ ಎಪೈರಸ್‌ನ ಮೊಲೊಸ್ಸಿ ಜನರಿಂದ ಬಂತು ಅಂತ ಗ್ಯೋನ್ ಹೇಳುತ್ತಾನೆ. ಅದನ್ನು ಸುಮ್ನೆ ಪಕ್ಕಕ್ಕಿಟ್ಟೆ. ಆ ಕಾಲದ ಇಟಲಿಯಲ್ಲಿ ದೊಡ್ಡ ಮನೆತನ ಅನ್ನಿಸಿಕೊಳ್ಳಬೇಕಾದರೆ ಗ್ರೀಕ್ ಅಥವಾ ರೋಮನ್ ಮೂಲ ತೋರಿಸುವುದು ಸಾಮಾನ್ಯವಾಗಿತ್ತು.

ಜಾಸ್ತಿ ಸಮಯ ಹಿಡಿದದ್ದು ಡೆಸ್ಪಟ್ ಪದವಿಯ ವಿಷಯ. ಗ್ಯೋನ್ ಹೇಳುವ ಕಥೆ ಹೀಗಿದೆ. ಅವನ ಪೂರ್ವಜ ಆಂಡ್ರೆಯಾ, ಸರ್ಬಿಯಾದ ರಾಜ ವುಕಾಶಿನ್‌ನನ್ನು ಯುದ್ಧದಲ್ಲಿ ಸೋಲಿಸಿ ಸೆರೆ ಹಿಡಿದ. ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ ಇದಕ್ಕೆ ಮೆಚ್ಚಿ ಎರಡು ತಲೆಯ ಹದ್ದಿನ ಲಾಂಛನ ಕೊಟ್ಟು ಗೌರವಿಸಿದ. ಡೆಸ್ಪಟ್ ಪದವಿಯನ್ನೂ ಅವನು ಚಕ್ರವರ್ತಿಯ ಕೊಡುಗೆಯಾಗಿಯೇ ಹೇಳುತ್ತಾನೆ. ಅದಕ್ಕಿಂತ ಮೊದಲು ಮನೆತನದ ಲಾಂಛನದಲ್ಲಿ ನೆಲದಿಂದ ಚಿಮ್ಮಿ ಎರಡಾಗಿ ಹರಿಯುವ ನೀರಿನ ಬುಗ್ಗೆ ಇತ್ತಂತೆ. ಓದಲು ಬಹಳ ಚೆನ್ನಾಗಿದೆ.

ಈಗ ಲೆಕ್ಕ ನೋಡಿ. ವುಕಾಶಿನ್ ರಾಜನಾದದ್ದು 1365ರಲ್ಲಿ, ಸತ್ತದ್ದು 1371ರ ಮಾರಿತ್ಸಾ ಯುದ್ಧದಲ್ಲಿ, ಒಟ್ಟೋಮನ್ನರ ಕೈಯಲ್ಲಿ. ಅಂದರೆ ಆಂಡ್ರೆಯಾ ಅವನನ್ನು ರಾಜನಾಗಿ ಎದುರಿಸಿದ್ದರೆ ಅದು ಈ 6 ವರ್ಷಗಳ ಒಳಗೇ ಆಗಿರಬೇಕು. ಆದರೆ ಆಂಜೂ ಮನೆತನದ ದಾಖಲೆಗಳಲ್ಲಿ 1336–37ರ ಹೊತ್ತಿಗೇ ಆಂಡ್ರೆಯಾ ಅಲ್ಬೇನಿಯಾದ ಡೆಸ್ಪಟ್. ಅವನು ನೇಪಲ್ಸಿನವರ ಕಡೆ ಸೇರಿದ್ದ, ಅವರು ಅವನ ಪದವಿ ಒಪ್ಪಿಕೊಂಡರು. ಬದಲಿಗೆ ತನ್ನ ಒಬ್ಬ ಮಗನನ್ನು ದುರ್ರೆಸ್‌ನಲ್ಲಿ ಒತ್ತೆ ಇಡಬೇಕಾಯಿತು. ಹಾಗಾಗಿ ಪದವಿ ಮೊದಲು, ವುಕಾಶಿನ್ ಜೊತೆಗಿನ ಯುದ್ಧ ಏನಿದ್ದರೂ ಸುಮಾರು 30 ವರ್ಷ ಆಮೇಲೆ. ಮನೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದ ಎರಡು ಬೇರೆ ನೆನಪುಗಳು ಗ್ಯೋನ್‌ನ ಹೊತ್ತಿಗೆ ಒಂದೇ ಕಥೆಯಾಗಿ ಸೇರಿಕೊಂಡಿವೆ ಅನ್ನುವುದು ನನ್ನ ತೀರ್ಮಾನ. ಇದರಿಂದ ಗ್ಯೋನ್ ಮೇಲೆ ನನಗೆ ನಂಬಿಕೆ ಹೋಗಲಿಲ್ಲ. 140 ವರ್ಷದ ಹಿಂದಿನ ವಿಷಯದಲ್ಲಿ ಅವನ ನೆನಪು ಯಾವ ರೀತಿ ಕೆಲಸ ಮಾಡುತ್ತದೆ ಅಂತ ತಿಳಿಯಿತು, ಅಷ್ಟೇ.

ಒತ್ತೆ ಇಟ್ಟ ಮಗನ ವಿಷಯವನ್ನು ಗ್ಯೋನ್ ಹೇಳುವುದಿಲ್ಲ. ಮನೆತನದ ಮುಖಂಡನೊಬ್ಬನನ್ನು 1279ರಲ್ಲಿ ಆಂಜೂ ಸೇನೆ ಹಿಡಿದು ಸಮುದ್ರದ ಆಚೆ ಬ್ರಿಂಡಿಸಿಯ ಸೆರೆಮನೆಗೆ ಕಳಿಸಿತ್ತು ಅನ್ನುವುದನ್ನೂ ಆಂಜೂ ದಾಖಲೆಗಳಿಂದಲೇ ತಿಳಿಯಬೇಕು. ಸೋಲು, ಸೆರೆ, ಒತ್ತೆ ಇವೆಲ್ಲ ಎದುರಿನವರ ಕಡತದಲ್ಲೇ ಸಿಗುವುದು ಜಾಸ್ತಿ. ಯಾವ ಮನೆತನದ ಮೇಲೆ ಕೆಲಸ ಮಾಡಿದರೂ ಅವರ ಶತ್ರುಗಳ ಮತ್ತು ಒಡೆಯರ ಕಾಗದಪತ್ರ ಮೊದಲು ನೋಡಿ ಅಂತ ನಾನು ಹೇಳುವುದು ಇದಕ್ಕೇ.

ಆ ಆಂಜೂ ಕಡತಗಳ ಕಥೆ ನೆನೆದರೆ ಹೊಟ್ಟೆ ಉರಿಯುತ್ತದೆ. ನೇಪಲ್ಸಿನ ಸರ್ಕಾರಿ ಪತ್ರಾಗಾರದಲ್ಲಿ ಅವು ಶತಮಾನಗಳ ಕಾಲ ಉಳಿದುಕೊಂಡಿದ್ದವು. ಎರಡನೇ ಮಹಾಯುದ್ಧದಲ್ಲಿ ಬಾಂಬ್ ಬೀಳಬಹುದು ಅಂತ ಅವನ್ನು ಊರ ಹೊರಗೆ ಸಾನ್ ಪಾವ್ಲೊ ಬೆಲ್ಸಿತೊ ಹತ್ತಿರದ ಒಂದು ಬಂಗಲೆಗೆ ಸಾಗಿಸಿದರು. 1943ರ ಸೆಪ್ಟೆಂಬರ್ 30ರಂದು ಜರ್ಮನ್ ಸೈನಿಕರು ಅಲ್ಲೇ ಬೆಂಕಿ ಹಚ್ಚಿದರು. ಮೂಲ ಹೋಯಿತು. ನಮಗೆ ಉಳಿದಿರುವುದು ಅದಕ್ಕಿಂತ ಮೊದಲು ಯಾರೋ ನಕಲು ಮಾಡಿಕೊಂಡದ್ದು ಮಾತ್ರ. ಅಲ್ಬೇನಿಯಾದ ಮಟ್ಟಿಗೆ ಆ ಪುಣ್ಯದ ಕೆಲಸ ಮಾಡಿದವರಲ್ಲಿ ಮುಖ್ಯರು ಥಾಲೋತ್ಸಿ, ಯಿರೆಚೆಕ್ ಮತ್ತು ಶುಫ್ಲಾಯ್. ಈ ಮೂವರು ಸೇರಿ ಮಧ್ಯಯುಗದ ಅಲ್ಬೇನಿಯಾಕ್ಕೆ ಸಂಬಂಧಿಸಿದ ದಾಖಲೆಗಳನ್ನು ಎಲ್ಲೆಲ್ಲಿಂದಲೋ ಹುಡುಕಿ ವಿಯೆನ್ನಾದಲ್ಲಿ ಎರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಒಂದು 1913ರಲ್ಲಿ, ಇನ್ನೊಂದು 1918ರಲ್ಲಿ. ಎಷ್ಟೋ ಕಡೆ ಪೂರ್ತಿ ಪಾಠ ಇಲ್ಲ, ಲ್ಯಾಟಿನ್‌ನಲ್ಲಿ ಸಾರಾಂಶ ಮಾತ್ರ ಇದೆ. ಆದರೂ ಒಂದೊಂದು ಸಾಲಿಗೂ ಈಗ ಮೂಲದ ಬೆಲೆ. ಆ ಪುಟಗಳನ್ನು ತಿರುವುವಾಗ ನನಗೆ ಅವರ ಮೇಲೆ ನಿಜವಾದ ಕೃತಜ್ಞತೆ ಹುಟ್ಟುತ್ತದೆ.

ಗ್ಯೋನ್ ಹೇಳಿದ್ದು ನಿಜ ಅಂತ ಕಲ್ಲಿನಷ್ಟು ಗಟ್ಟಿಯಾಗಿ ಸಿಕ್ಕ ಸಾಕ್ಷಿಯೂ ಇದೆ. ಅವನ ವಂಶಾವಳಿಯಲ್ಲಿ ಆಂಡ್ರೆಯಾನ ಮಕ್ಕಳಲ್ಲಿ ತೆಯೊಡೋರ್ ಮತ್ತು ಸ್ತೊಯಾ ಅನ್ನುವ ಹೆಸರುಗಳಿವೆ. ಕಸ್ತೋರಿಯಾ ಮನೆತನದ ಕೈಗೆ ಬಂದ ಕಥೆಯೂ ಇದೆ. ಕಸ್ತೋರಿಯಾ ಈಗ ಗ್ರೀಸ್‌ನ ಉತ್ತರದಲ್ಲಿ, ಸರೋವರದ ದಂಡೆಯ ಊರು. ಅಲ್ಲಿ ಸಂತ ಅಥನಾಸಿಯಸ್ ಹೆಸರಿನ ಒಂದು ಪುಟ್ಟ ಚರ್ಚ್ ಇದೆ. ಜನ ಅದನ್ನು ಮುಜಾಕಿಯವರ ಚರ್ಚ್ ಅಂತಲೇ ಕರೆಯುತ್ತಾರೆ. ಒಳಗೆ ಗ್ರೀಕ್‌ನಲ್ಲಿ ಬರೆದ ಶಾಸನ ಇದೆ: ಸ್ತೊಯಾ ಮತ್ತು ತೆಯೊಡೋರ್ ಮುಜಾಕಿ ಸೋದರರು, ದಿಯೊನಿಸಿಯಸ್ ಅನ್ನುವ ಸನ್ಯಾಸಿ ಪಾದ್ರಿಯ ಜೊತೆಗೆ ಇದನ್ನು ಕಟ್ಟಿಸಿದರು ಅಂತ.

ಇದರ ಕಾಲ ತೆಗೆಯುವುದು ಒಂದು ಒಳ್ಳೆಯ ಅಭ್ಯಾಸ. ನಮ್ಮ ಶಾಸನ ಓದುವವರಿಗೆ ಶಕ ವರ್ಷಕ್ಕೆ 78 ಕೂಡಿಸುವುದು ರೂಢಿ ಅಲ್ವಾ, ಇಲ್ಲಿ ಕಳೆಯಬೇಕು. ಬೈಜಾಂಟೈನ್‌ನವರು ಜಗತ್ತು ಸೃಷ್ಟಿಯಾದ ದಿನದಿಂದ ವರ್ಷ ಎಣಿಸುತ್ತಿದ್ದರು. ಅವರ ವರ್ಷ ಶುರುವಾಗುವುದು ಸೆಪ್ಟೆಂಬರ್ 1ಕ್ಕೆ. ಜನವರಿಯಿಂದ ಆಗಸ್ಟ್‌ವರೆಗಿನ ತಾರೀಖಾದರೆ 5508 ಕಳೆಯಬೇಕು, ಸೆಪ್ಟೆಂಬರ್‌ನಿಂದ ಡಿಸೆಂಬರ್ ಆದರೆ 5509. ಈ ಶಾಸನದ 6892ನೇ ವರ್ಷ ಅಂದರೆ 1383ರ ಸೆಪ್ಟೆಂಬರ್‌ನಿಂದ 1384ರ ಆಗಸ್ಟ್. ಪುಸ್ತಕಗಳಲ್ಲಿ 1383/84 ಅಂತ ಗೆರೆ ಹಾಕಿ ಬರೆಯುವುದು ಇದಕ್ಕೇ. ಇಂಥ ಶಾಸನಗಳಲ್ಲಿ ಸಾಮಾನ್ಯವಾಗಿ 15 ವರ್ಷದ ಒಂದು ಚಕ್ರದ ಸಂಖ್ಯೆಯೂ ಇರುತ್ತದೆ. ಸೃಷ್ಟಿ ವರ್ಷವನ್ನು 15ರಿಂದ ಭಾಗಿಸಿದಾಗ ಉಳಿಯುವ ಶೇಷ ಅದು. 6892ಕ್ಕೆ 7 ಬರಬೇಕು. ಎರಡೂ ಹೊಂದಿದರೆ ವರ್ಷವನ್ನು ಸರಿಯಾಗಿ ಓದಿದ್ದೇವೆ ಅಂತ ಧೈರ್ಯ.

ಗ್ಯೋನ್ ಬರೆಯುವ ಹೊತ್ತಿಗೆ ಈ ಚರ್ಚ್ ಕಟ್ಟಿ 125 ವರ್ಷ ದಾಟಿತ್ತು. ಕಸ್ತೋರಿಯಾ ಒಟ್ಟೋಮನ್ನರ ಕೈಗೆ ಹೋಗಿ ಕಾಲವಾಗಿತ್ತು. ಇಟಲಿಯಲ್ಲಿ ಕೂತು ಅವನು ಹೇಳಿದ ಎರಡು ಹೆಸರುಗಳು, ಅವನಿಗಿಂತ ಹಿಂದೆ ಬರೆದ ಗೋಡೆಯ ಮೇಲೆ ಹಾಗೇ ಇವೆ! ಅದನ್ನು ಹೊಂದಿಸಿ ನೋಡಿದಾಗ ನನಗಾದ ಖುಷಿ ಇನ್ನೂ ಹೋಗಿಲ್ಲ. ಆ ಚರ್ಚಿನ ಚಿತ್ರಗಳೂ ವಿಶೇಷ. ಕ್ರಿಸ್ತ ರಾಜಾಧಿರಾಜನ ವೇಷದಲ್ಲಿದ್ದಾನೆ, ಮೇರಿ ರಾಣಿಯ ಉಡುಪಿನಲ್ಲಿ. ಯೋಧ ಸಂತರು ಆಸ್ಥಾನದ ಶ್ರೀಮಂತರ ಹಾಗೆ ನಿಲುವಂಗಿ, ಟೋಪಿ ತೊಟ್ಟಿದ್ದಾರೆ. ಮುಜಾಕಾ ಸೋದರರ ಸುತ್ತಲಿನ ಜನ ಹೇಗೆ ಉಡುತ್ತಿದ್ದರು ಅನ್ನುವುದಕ್ಕೆ ನಮಗಿರುವ ಹತ್ತಿರದ ನೋಟ ಇದು.

ಆಂಡ್ರೆಯಾನ ಮಗ ತೆಯೊಡೋರ್ 1389ರ ಕೊಸೊವೊ ಯುದ್ಧದಲ್ಲಿ ಸತ್ತ ಅಂತ ಗ್ಯೋನ್ ಹೇಳುತ್ತಾನೆ. ಕಸ್ತೋರಿಯಾದ ತೆಯೊಡೋರ್‌ನ ಪಕ್ಕದಲ್ಲಿ ಅವನನ್ನು ಇಟ್ಟು, ಇಬ್ಬರೂ ಒಬ್ಬನೇ ಅಂತ ಖಚಿತ ಇಲ್ಲದ್ದರಿಂದ ಮಧ್ಯೆ ಪೂರ್ತಿ ಗೆರೆ ಎಳೆಯದೆ ಚುಕ್ಕಿಗೆರೆ ಎಳೆದೆ. ಈ ಮನೆತನದಲ್ಲಿ ಆಂಡ್ರೆಯಾ, ತೆಯೊಡೋರ್, ಗ್ಯಿನ್ ಅನ್ನುವ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಹಾಗಾಗಿ ಮೊದಲನೆಯ, ಎರಡನೆಯ ಅಂತ ಸಂಖ್ಯೆ ಕೊಡುವುದನ್ನೇ ಕೈಬಿಟ್ಟೆ. 1336ರ ಆಂಡ್ರೆಯಾ, 1384ರ ಸ್ತೊಯಾ, 1389ರ ತೆಯೊಡೋರ್ ಅಂತ ದಾಖಲೆಯ ವರ್ಷವನ್ನೇ ಅಡ್ಡಹೆಸರಾಗಿ ಇಟ್ಟುಕೊಂಡೆ. ಹೊಸ ದಾಖಲೆ ಸಿಕ್ಕಾಗ ಇಡೀ ಪಟ್ಟಿ ಬದಲಾಯಿಸುವ ತೊಂದರೆ ಇಲ್ಲ. ಇದೊಂದನ್ನು ಮಾತ್ರ ಎಲ್ಲರೂ ಮಾಡಿ ಅಂತ ಜೋರಾಗಿ ಹೇಳುತ್ತೇನೆ.

ಹೆಣ್ಣುಮಕ್ಕಳ ಸಾಲುಗಳು ನನಗೆ ಬಹಳ ಇಷ್ಟವಾದವು. ಯುದ್ಧದ ಬಗ್ಗೆ ಬರೆಯುವವರು ಅವರ ಹೆಸರನ್ನೇ ಹೇಳುವುದಿಲ್ಲ. ಗ್ಯೋನ್‌ಗೆ ಮಾತ್ರ ಹೆಣ್ಣುಮಕ್ಕಳು ಮುಖ್ಯ. ಯಾಕೆಂದರೆ ಅವರ ಜೊತೆ ಊರುಗಳೂ ಹೋಗುತ್ತವೆ, ಬರುತ್ತವೆ. ಮರಿಯಾ ಮುಜಾಕಾಳನ್ನು ಗ್ಯೆರ್ಗ್ ಅರಿಯಾನಿತಿಗೆ ಕೊಟ್ಟರು. ಅವಳ ಮಗಳು ದೋನಿಕಾಳನ್ನು 1451ರಲ್ಲಿ ಸ್ಕಂದರ್‌ಬೆಗ್ ಮದುವೆಯಾದ. ಅಂದರೆ ಸ್ಕಂದರ್‌ಬೆಗ್‌ನ ಅತ್ತೆ ಮುಜಾಕಾ ಮನೆಯವಳು. ಗ್ಯೋನ್‌ನ ಹೆಂಡತಿ ದುಕಾಗ್ಯಿನಿ ಮನೆಯವಳು. ಗಂಡಸರ ಪಟ್ಟಿ ಮಾತ್ರ ಇಟ್ಟುಕೊಂಡರೆ ಇವು ಬೇರೆ ಬೇರೆ ಮನೆತನಗಳು. ಹೆಣ್ಣುಮಕ್ಕಳನ್ನು ಸೇರಿಸಿದರೆ ಎಲ್ಲರೂ ಬೀಗರು.

ಇಲ್ಲೇ ಒಂದು ಗಂಟೂ ಇದೆ. ಬಾಲ್ಶಾ ಮನೆತನದ ಎರಡನೇ ಬಾಲ್ಶಾ 1385ರಲ್ಲಿ ಸಾವ್ರಾ ಬಯಲಿನಲ್ಲಿ ಒಟ್ಟೋಮನ್ನರ ವಿರುದ್ಧ ಹೋರಾಡಿ ಸತ್ತ. ಅವನ ಹೆಂಡತಿ ಕೊಮಿತಾ, ಆಂಡ್ರೆಯಾ ಮುಜಾಕಾನ ಮಗಳು ಅಂತ ಗ್ಯೋನ್ ಹೇಳುತ್ತಾನೆ. ಆದರೆ ಆ ವಿಧವೆ ಗಂಡ ಸತ್ತ ಮೇಲೆ ವ್ಲೋರಾ ಬಂದರನ್ನು ಆಳಿದಳು, ಅವಳ ಮಗಳು ರುಜಿನಾಳನ್ನು ಮದುವೆಯಾದ ಮರ್ಕ್ಶಾ ಜಾರ್ಕೊವಿಚ್ ಆಮೇಲೆ ಅಲ್ಲಿಯ ಒಡೆಯನಾದ. ವ್ಲೋರಾ ಹಿಂದೆ ಇದ್ದದ್ದು ಜಾನ್ ಕೊಮ್ನೆನೋಸ್ ಅಸೆನ್ ಅನ್ನುವವನ ಕೈಯಲ್ಲಿ. ಹಾಗಾಗಿ ಅವಳು ಅಸೆನ್ ಮನೆಯವಳು ಅಂತ ಹೇಳುವ ಇತಿಹಾಸಕಾರರಿದ್ದಾರೆ. ವ್ಲೋರಾ ಅವಳ ಕೈಗೆ ಬಂದ ರೀತಿ ನೋಡಿದರೆ ನನಗೂ ಅದೇ ಸರಿ ಅನ್ನಿಸುತ್ತದೆ. ಗ್ಯೋನ್‌ನ ಮಾತು ನಿಜವಾದರೆ ವ್ಲೋರಾದ ಮೇಲೂ ಮುಜಾಕಾಗಳಿಗೆ ಹಕ್ಕು ಹುಟ್ಟುತ್ತದೆ. ಅದಕ್ಕೇ ಈ ಸಾಲಿಗೆ ನಾನು ‘ಹಕ್ಕಿಗಾಗಿ ಹೇಳಿದ್ದು’ ಅಂತ ಗುರುತು ಹಾಕಿದೆ.

ಸ್ಕಂದರ್‌ಬೆಗ್ ಬಗ್ಗೆ ಗ್ಯೋನ್ ಬರೆದದ್ದನ್ನು ಓದುವಾಗ ಮೈ ಎಚ್ಚರವಾಗುತ್ತದೆ. ಇವನು ಆ ಕಾಲದಲ್ಲಿ ಬದುಕಿದ್ದವನು, ಆ ಬೀಗರ ಬಳಗದವನು. ಸ್ಕಂದರ್‌ಬೆಗ್‌ನ ಅಜ್ಜ ಪಾಲ್ ಕಸ್ತ್ರಿಯೋತಿಗೆ ಇದ್ದದ್ದು ಎರಡೇ ಹಳ್ಳಿ ಅಂತ ನೇರವಾಗಿ ಬರೆಯುತ್ತಾನೆ. ಅವನ ಮಗ ಗ್ಯೋನ್ ಕಸ್ತ್ರಿಯೋತಿ ಮಾತಿ ಸೀಮೆಯ ಒಡೆಯನಾದ, ಅವನ ಮಗ ಸ್ಕಂದರ್‌ಬೆಗ್. ಆಮೇಲೆ ದೂರುಗಳು ಬರುತ್ತವೆ. ನನ್ನ ಅಪ್ಪ ತೀರಿಕೊಂಡ ಮೇಲೆ ಸ್ಕಂದರ್‌ಬೆಗ್ ನಮ್ಮ ತೊಮೊರಿತ್ಸಾ ಕಸಿದುಕೊಂಡ ಅನ್ನುತ್ತಾನೆ ಗ್ಯೋನ್. ಬಾಲ್ಶಾ ಮನೆಯ ಇಬ್ಬರು ಸೋದರರನ್ನು ಹಿಡಿದು ನೇಪಲ್ಸಿನ ರಾಜನ ಹತ್ತಿರ ಕಳಿಸಿ, ಕ್ರುಯಾಕ್ಕೂ ಲೆಝಾಕ್ಕೂ ನಡುವೆ ಇದ್ದ ಅವರ ನೆಲ ತೆಗೆದುಕೊಂಡ. ಇನ್ನೊಂದು ಮದುವೆಯ ನೋವೂ ಇದೆ. ಮುಜಾಕಾ ಮನೆಯ ಝಾನ್ಫಿನಾಳನ್ನು ತೋಪಿಯಾ ಮನೆಗೆ ಕೊಟ್ಟಿದ್ದರು. ಗಂಡ ಅವಳನ್ನು ಬಿಟ್ಟು ಸ್ಕಂದರ್‌ಬೆಗ್‌ನ ತಂಗಿ ಮಾಮಿಕಾಳನ್ನು ಕಟ್ಟಿಕೊಂಡ.

ಇದನ್ನು ಹೇಗೆ ತೂಗುವುದು? ಅವನು ಆಸ್ತಿ ಕಳೆದುಕೊಂಡವನು, ಕೋಪ ಇದ್ದೇ ಇರುತ್ತದೆ. ಆದರೆ ಇದು ಅವನ ಜೀವಮಾನದಲ್ಲೇ ನಡೆದದ್ದು, ಅವನದೇ ಊರಿನ ವಿಷಯ, ಮತ್ತು ಅದೇ ಬರಹದಲ್ಲಿ ಸ್ಕಂದರ್‌ಬೆಗ್‌ನ ಶೌರ್ಯವನ್ನೂ ಒಪ್ಪಿಕೊಳ್ಳುತ್ತಾನೆ. ಅದಕ್ಕೆ ತೊಮೊರಿತ್ಸಾದ ಸಾಲನ್ನು ‘ಕಂಡದ್ದು’ ಅಂತ ಇಟ್ಟೆ. 1444ರ ಮಾರ್ಚ್‌ನಲ್ಲಿ ಲೆಝಾ ಊರಿನಲ್ಲಿ ಅಲ್ಬೇನಿಯಾದ ಒಡೆಯರೆಲ್ಲ ಸೇರಿ ಒಕ್ಕೂಟ ಮಾಡಿಕೊಂಡಾಗ ಮುಜಾಕಾಗಳೂ ಇದ್ದರು. ಚೂರುಚೂರಾದ ಒಡೆತನಗಳನ್ನು ಒಂದು ಕೈಗೆ ತರದಿದ್ದರೆ ಅಷ್ಟು ವರ್ಷ ಸುಲ್ತಾನರ ಎದುರು ನಿಲ್ಲಲು ಆಗುತ್ತಿರಲಿಲ್ಲ. ಹಾಗೆ ಒಂದು ಕೈಗೆ ತರುವಾಗ ಯಾರದ್ದೋ ನೆಲ ಹೋಗುತ್ತದೆ. ಗ್ಯೋನ್ ಆ ನೆಲ ಹೋದವರ ಕಡೆಯವನು. ನಾಯಕನ ಕಥೆಗಳಲ್ಲಿ ಸಿಗದ ಈ ದನಿ ನನಗೆ ಬಹಳ ಬೆಲೆಯುಳ್ಳದ್ದು ಅನ್ನಿಸುತ್ತದೆ.

ತೊಮೊರಿತ್ಸಾ ಎಷ್ಟು ಮುಖ್ಯ ಅನ್ನುವುದು ಒಟ್ಟೋಮನ್ ಲೆಕ್ಕದ ಪುಸ್ತಕದಿಂದ ಗೊತ್ತಾಯಿತು. ಬೆರಾತ್ 1417ರಲ್ಲಿ ಅವರ ಕೈಗೆ ಬಿತ್ತು. ಹಿಜರಿ 835ರಲ್ಲಿ, ಅಂದರೆ 1431–32ರಲ್ಲಿ, ಅವರು ಇಡೀ ಅಲ್ಬೇನಿಯಾ ಪ್ರಾಂತದ ಮನೆ, ಕುಟುಂಬ, ಆದಾಯ ಬರೆಸಿದರು. ಯಾವ ಹಳ್ಳಿಯ ಆದಾಯ ಯಾವ ಸೈನಿಕನಿಗೆ ಅನ್ನುವ ಲೆಕ್ಕ ಅದು. ತುರ್ಕಿಯ ಇತಿಹಾಸಕಾರ ಹಲೀಲ್ ಇನಾಲ್‌ಜಿಕ್ 1954ರಲ್ಲಿ ಅದನ್ನು ಪ್ರಕಟಿಸಿದರು. ಅದರಲ್ಲಿ ಬೆರಾತ್ ಬೇರೆ, ಸ್ಕ್ರಾಪಾರ್ ಬೇರೆ, ತೊಮೊರಿತ್ಸಾ ಬೇರೆ ವಿಭಾಗ. ಗ್ಯೋನ್ ಹೇಳುವ ಊರುಗಳನ್ನು ಈ ಪಟ್ಟಿಯ ಪಕ್ಕ ಇಟ್ಟು, ನಕ್ಷೆಯಲ್ಲಿ ಗುರುತು ಮಾಡುತ್ತಾ ಹೋದೆ. ಸುಮಾರು 80 ವರ್ಷದ ಅಂತರ, ಬರೆದವರು ಪರಸ್ಪರ ಶತ್ರುಗಳು, ಆದರೂ ತೊಮೊರ್ ಬೆಟ್ಟದ ಸುತ್ತಿನ ಸೀಮೆಗಳು ಎರಡರಲ್ಲೂ ಸಿಗುತ್ತವೆ.

ಒಟ್ಟೋಮನ್ನರ ಕಡೆಯಲ್ಲೇ ಮುಜಾಕಾ ಮನೆಯ ಇನ್ನೊಬ್ಬ ಮಗನೂ ಇದ್ದಾನೆ. ತೆಯೊಡೋರ್ ಮುಜಾಕಾನ ಮಗ ಯಾಕೂಬ್ ಬೇ. ಸುಲ್ತಾನನ ಸೇವೆಗೆ ಸೇರಿ ಅಲ್ಬೇನಿಯಾ ಪ್ರಾಂತದ ಅಧಿಕಾರಿಯಾದವನು. 1442ರಲ್ಲಿ ಹಂಗೇರಿಯ ಸೇನಾನಾಯಕ ಹುನ್ಯಾಡಿಯ ವಿರುದ್ಧದ ಯುದ್ಧದಲ್ಲಿ ಸತ್ತ. ಅವನಿಗೂ ನನ್ನ ವಂಶಾವಳಿಯಲ್ಲಿ ಉಳಿದವರಷ್ಟೇ ಜಾಗ ಕೊಟ್ಟಿದ್ದೇನೆ. ಒಂದೇ ಮನೆಯಲ್ಲಿ ಒಬ್ಬ ಸುಲ್ತಾನನ ಕಡೆ, ಇನ್ನೊಬ್ಬ ಲೆಝಾದ ಒಕ್ಕೂಟದಲ್ಲಿ. ಆ ಕಾಲದ ಅಲ್ಬೇನಿಯಾದಲ್ಲಿ ಇದು ಅಪರೂಪವೇನಲ್ಲ. ಸ್ಕಂದರ್‌ಬೆಗ್ ಕೂಡ ಅದೇ ಸೇನೆಯಲ್ಲಿ ಬೆಳೆದವನು ತಾನೇ.

ಮುಜಾಕಾಗಳ ಪಟ್ಟಿ ಒಂದು ಹಂತಕ್ಕೆ ಬಂದ ಮೇಲೆ ಈಗ ತೋಪಿಯಾ ಮನೆತನ ಹಿಡಿದಿದ್ದೇನೆ. ಅಲ್ಲೂ ಗ್ಯೋನ್ ಬೇಕು. ನೇಪಲ್ಸಿನ ರಾಜ ರಾಬರ್ಟ್‌ನ ಮದುವೆಯಾಚೆಗಿನ ಮಗಳು ಹಡಗಿನಲ್ಲಿ ಹೋಗುತ್ತಾ ದುರ್ರೆಸ್‌ನಲ್ಲಿ ಇಳಿದಳಂತೆ. ಆಂಡ್ರೆಯಾ ತೋಪಿಯಾ ಅವಳನ್ನು ಮೆಚ್ಚಿ ಹೊತ್ತುಕೊಂಡು ಹೋಗಿ ಮದುವೆಯಾದನಂತೆ. ರಾಜ ಇಬ್ಬರನ್ನೂ ರಾಜಿಯ ನೆಪದಲ್ಲಿ ಕರೆಸಿ ಕೊಲ್ಲಿಸಿದ, ಮಕ್ಕಳು ಉಳಿದುಕೊಂಡರು ಅಂತ ಕಥೆ. ಆ ಮಕ್ಕಳಲ್ಲಿ ಒಬ್ಬ ಕಾರ್ಲ್ ತೋಪಿಯಾ. 1368ರಲ್ಲಿ ದುರ್ರೆಸ್ ಗೆದ್ದವನು. ಎಲ್ಬಾಸಾನ್ ಹತ್ತಿರದ ಸಂತ ಜಾನ್ ವ್ಲಾದಿಮಿರ್ ಮಠವನ್ನು ಅವನು ಮತ್ತೆ ಕಟ್ಟಿಸಿದ. 1381ರಲ್ಲಿ ಗ್ರೀಕ್, ಲ್ಯಾಟಿನ್, ಸ್ಲಾವಿಕ್ ಮೂರೂ ಭಾಷೆಗಳಲ್ಲಿ ಶಾಸನ ಹಾಕಿಸಿದ. ಅದರಲ್ಲಿ ತಾನು ಫ್ರಾನ್ಸಿನ ರಾಜಮನೆತನದ ರಕ್ತದವನು ಅಂತ ಹೇಳಿಕೊಳ್ಳುತ್ತಾನೆ. ಆಂಜೂ ಮನೆತನ ಫ್ರಾನ್ಸಿನ ರಾಜವಂಶದ ಕವಲೇ ಆದ್ದರಿಂದ ಮಾತು ಹೊಂದುತ್ತದೆ. ಅಂದರೆ ಗ್ಯೋನ್ ಬರೆಯುವುದಕ್ಕಿಂತ 129 ವರ್ಷ ಮೊದಲೇ ಈ ಮಾತು ಕಲ್ಲಿನ ಮೇಲಿತ್ತು, ಅದೂ ಕಾರ್ಲ್ ಬದುಕಿದ್ದಾಗಲೇ.

ರಾಬರ್ಟ್ ಆಳಿದ್ದು 1309ರಿಂದ 1343ರವರೆಗೆ. ಅವನ ಆಸ್ಥಾನದ ಕಡತಗಳು ಸುಟ್ಟುಹೋದವುಗಳಲ್ಲೇ ಸೇರಿವೆ. ವಿಯೆನ್ನಾದ ಮೊದಲ ಸಂಪುಟ ನಿಲ್ಲುವುದೂ ಸರಿಯಾಗಿ 1343ಕ್ಕೇ. ಹಾಗಾಗಿ ಅದರ ಕೊನೆಯ ಭಾಗದ ಲ್ಯಾಟಿನ್ ಸಾರಾಂಶಗಳನ್ನು ಸದ್ಯ ಒಂದೊಂದಾಗಿ ಓದುತ್ತಿದ್ದೇನೆ. ತೋಪಿಯಾ ಹೆಸರು ಬಂದಲ್ಲೆಲ್ಲ ಹೊಸ ಸ್ಪ್ರೆಡ್‌ಶೀಟಿನಲ್ಲಿ ಒಂದು ಸಾಲು ಸೇರುತ್ತಿದೆ.